ಎರಡೂವರೆ ಗುಂಟೆಯ ಹಕ್ಕು: ಇಂಗ್ಲೆಂಡಿನ ಬಡವರ ತರಕಾರಿ ತೋಟಗಳ ಇತಿಹಾಸ

ಹಸಿದವನಿಗೆ ಒಂದು ಹೊತ್ತಿನ ಊಟ ನೀಡುವುದು ಪುಣ್ಯದ ಕೆಲಸ. ಆದರೆ ಅವನು ತನ್ನ ಊಟವನ್ನು ತಾನೇ ಬೆಳೆದುಕೊಳ್ಳುವ ದಾರಿಯನ್ನು ಮುಚ್ಚಿಬಿಟ್ಟು, ಆಮೇಲೆ ಊಟ ನೀಡಿ ಉದಾರಿಯೆನಿಸಿಕೊಳ್ಳುವುದನ್ನು ಏನೆಂದು ಕರೆಯಬೇಕು? ದಾನ ಮತ್ತು ಹಕ್ಕು ಎಂಬ ಎರಡು ಪದಗಳ ನಡುವೆ ಎಷ್ಟು ದೂರವಿದೆ ಎಂಬುದನ್ನು ಅರಿಯಬಯಸುವವರು ಇಂಗ್ಲೆಂಡಿನ ‘ಅಲಾಟ್‌ಮೆಂಟ್’ ತೋಟಗಳ ಚರಿತ್ರೆಯನ್ನು ಒಮ್ಮೆ ಓದಬೇಕು.

ಅಲಾಟ್‌ಮೆಂಟ್ ಎಂದೊಡನೆ ನಮಗೆ ಮನೆ ನಿವೇಶನದ ಹಂಚಿಕೆ ನೆನಪಾಗುತ್ತದೆ. ಬ್ರಿಟನ್ನಿನಲ್ಲಿ ಆ ಪದಕ್ಕೆ ಬೇರೆಯೇ ಅರ್ಥವಿದೆ. ಊರಿನ ಅಂಚಿನಲ್ಲೋ ರೈಲು ಹಳಿಯ ಬದಿಯಲ್ಲೋ ಇರುವ ಒಂದು ಬಯಲನ್ನು ಸಣ್ಣ ಸಣ್ಣ ತುಂಡುಗಳಾಗಿ ವಿಂಗಡಿಸಿ, ಒಂದೊಂದು ತುಂಡನ್ನು ಒಂದೊಂದು ಕುಟುಂಬಕ್ಕೆ ವಾರ್ಷಿಕ ಬಾಡಿಗೆಗೆ ಕೊಡುತ್ತಾರೆ. ಬಹುಪಾಲು ಕಡೆಗಳಲ್ಲಿ ನೆಲದ ಒಡೆತನ ಸ್ಥಳೀಯ ಆಡಳಿತ ಸಂಸ್ಥೆಯದು. ದುಡಿಮೆ ಮತ್ತು ಫಸಲು ಹಿಡುವಳಿದಾರನದು. ಹಳೆಯ ಲೆಕ್ಕದಲ್ಲಿ ಒಂದು ತುಂಡು ಎಂದರೆ ಹತ್ತು ‘ರಾಡ್’, ಅಂದರೆ ಸುಮಾರು 250 ಚದರ ಮೀಟರ್. ನಮ್ಮ ಅಳತೆಯಲ್ಲಿ ಹೇಳುವುದಾದರೆ ಎರಡೂವರೆ ಗುಂಟೆ. ತಾನೂ ತನ್ನ ಕುಟುಂಬವೂ ತಿನ್ನುವುದಕ್ಕಾಗಿ ಮುಖ್ಯವಾಗಿ ತರಕಾರಿ ಹಾಗೂ ಹಣ್ಣು ಬೆಳೆಯುವ ನೆಲವೇ ಇಂಥ ತೋಟ ಎಂದು 1922ರ ಕಾಯ್ದೆ ವ್ಯಾಖ್ಯಾನಿಸಿದೆ. ಈ ಎರಡೂವರೆ ಗುಂಟೆಯ ಹಿಂದೆ ಮೂರು ಶತಮಾನಗಳ ಹಸಿವು, ಹೋರಾಟ ಮತ್ತು ಕಣ್ಣೀರಿನ ಕಥೆಯಿದೆ.

ಒಂದು ಕಾಲದಲ್ಲಿ ಇಂಗ್ಲೆಂಡಿನ ಹಳ್ಳಿಗಳಲ್ಲಿ ನಮ್ಮ ಗೋಮಾಳಗಳನ್ನು ಹೋಲುವ ಸಾಮುದಾಯಿಕ ಭೂಮಿ ಹೇರಳವಾಗಿತ್ತು. ಕಾಗದಪತ್ರದಲ್ಲಿ ಅದು ಜಮೀನ್ದಾರನದೇ ಆಗಿದ್ದರೂ ಅಲ್ಲಿ ಹಸು ಮೇಯಿಸುವ, ಸೌದೆ ಆಯುವ ಹಕ್ಕು ರೂಢಿಯಿಂದ ಬಡ ರೈತನಿಗಿತ್ತು. ಸುಗ್ಗಿ ಮುಗಿದ ಹೊಲಗಳಲ್ಲಿ ಉದುರಿದ ತೆನೆಗಳನ್ನು ಆರಿಸಿಕೊಳ್ಳುವುದೂ ಬಡವರ ರೂಢಿಯಾಗಿತ್ತು. ಸ್ವಂತ ಹೊಲವಿಲ್ಲದವನೂ ಒಂದು ಹಸು, ನಾಲ್ಕು ಬಾತುಕೋಳಿಗಳೊಂದಿಗೆ ತಲೆಯೆತ್ತಿ ಬದುಕಬಹುದಿತ್ತು. ನೀರು, ಹುಲ್ಲು ಮತ್ತು ಬೆಂಕಿ ಈ ಮೂರರಲ್ಲಿ ಜನರೆಲ್ಲರೂ ಪಾಲುದಾರರೆಂದು ಪ್ರವಾದಿ ಮುಹಮ್ಮದ್(ಸ)ರು ಕಲಿಸಿದ್ದನ್ನು ಬಲ್ಲ ನಮಗೆ ಈ ವ್ಯವಸ್ಥೆಯ ಒಳತಿರುಳು ಅಪರಿಚಿತವೇನಲ್ಲ.

ಈ ಭೂಮಿಗೆ ಬೇಲಿ ಬೀಳತೊಡಗಿತು. ಸಾಮುದಾಯಿಕ ನೆಲವನ್ನು ಆವರಿಸಿ ಖಾಸಗಿ ಆಸ್ತಿಯಾಗಿಸುವ ಈ ಪ್ರಕ್ರಿಯೆಯನ್ನು ಇತಿಹಾಸಕಾರರು ‘ಎನ್‌ಕ್ಲೋಷರ್’ ಎನ್ನುತ್ತಾರೆ. 1604ರಿಂದ 1914ರ ನಡುವೆ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಇದಕ್ಕಾಗಿಯೇ 5,200ಕ್ಕೂ ಹೆಚ್ಚು ಮಸೂದೆಗಳು ಜಾರಿಗೊಂಡವು. ಅವುಗಳ ವ್ಯಾಪ್ತಿಗೆ ಬಂದ ಭೂಮಿ ಸುಮಾರು 68 ಲಕ್ಷ ಎಕರೆ. ಇಂಗ್ಲೆಂಡಿನ ಒಟ್ಟು ವಿಸ್ತೀರ್ಣದ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಬೇಲಿಯೊಳಗೆ ಇಳುವರಿ ಏರಿತು, ಭೂಮಾಲಿಕರ ಆದಾಯವೂ ಏರಿತು. ಬೇಲಿಯ ಹೊರಗೆ ಉಳಿದವನು ಕೂಲಿಯಾಳಾದನು. ಹಸುವಿಗೆ ಮೇವಿಲ್ಲದೆ ಅದನ್ನು ಮಾರಿದನು. ಮಾರಿದ ಹಣ ತೀರಿದ ಮೇಲೆ ಚರ್ಚಿನ ಬಡವರ ನಿಧಿಯ ಬಾಗಿಲಲ್ಲಿ ಕೈಯೊಡ್ಡಿ ನಿಂತನು.

ಇದನ್ನು ಮೌನವಾಗಿ ಒಪ್ಪದವರೂ ಇದ್ದರು. 1649ರ ಜನವರಿಯಲ್ಲಿ ರಾಜ ಒಂದನೇ ಚಾರ್ಲ್ಸ್‌ನ ಶಿರಚ್ಛೇದವಾಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಸರ‍್ರೆ ಪ್ರಾಂತದ ಸೇಂಟ್ ಜಾರ್ಜ್ ಹಿಲ್ ಎಂಬ ಪಾಳು ಗುಡ್ಡದ ಮೇಲೆ ಬಡವರ ಒಂದು ಸಣ್ಣ ಗುಂಪು ಸಲಿಕೆ ಹಿಡಿದು ನೆಲ ಅಗೆಯತೊಡಗಿತು. ಅವರು ಖಡ್ಗವೆತ್ತಲಿಲ್ಲ, ಕ್ಯಾರೆಟ್, ಪಾರ್ಸ್ನಿಪ್ ಗೆಡ್ಡೆ ಮತ್ತು ಬೀನ್ಸ್ ಬಿತ್ತಿದರು. ಭೂಮಿಯು ಸಕಲರಿಗೂ ಸೇರಿದ ಭಂಡಾರವೆಂಬುದು ಅವರ ಮುಂದಾಳು ಜೆರಾರ್ಡ್ ವಿನ್‌ಸ್ಟನ್ಲಿಯ ವಾದವಾಗಿತ್ತು. ಅಗೆಯುವವರು ಎಂಬರ್ಥದ ‘ಡಿಗ್ಗರ್ಸ್’ ಎಂಬ ಹೆಸರು ಅವರಿಗೆ ಅಂಟಿಕೊಂಡಿತು. ಸುತ್ತಲಿನ ಭೂಮಾಲಿಕರು ಅವರ ಬೆಳೆಯನ್ನು ತುಳಿಸಿದರು, ಗುಡಿಸಲುಗಳನ್ನು ಕೆಡವಿಸಿದರು, ನ್ಯಾಯಾಲಯಕ್ಕೆ ಎಳೆದರು. ಆಗಸ್ಟ್ ಹೊತ್ತಿಗೆ ಗುಡ್ಡ ಬಿಟ್ಟ ಅವರು ಸಮೀಪದ ಕೋಬಮ್‌ಗೆ ಹೋದರು. 1650ರ ಏಪ್ರಿಲ್‌ನಲ್ಲಿ ಅಲ್ಲಿಂದಲೂ ಹೊರದಬ್ಬಲ್ಪಟ್ಟರು. ತರಕಾರಿ ಬಿತ್ತುವುದೇ ಅಪರಾಧವಾದ ಕಾಲವದು!

ಮುಂದಿನ ಒಂದೂವರೆ ಶತಮಾನದಲ್ಲಿ ಬೇಲಿಗಳು ಹೆಚ್ಚಿದಂತೆ ಬಡವರ ನಿಧಿಯ ಮೇಲಿನ ಹೊರೆಯೂ ಹೆಚ್ಚಿತು. ಆರ್ಥರ್ ಯಂಗ್ ಎಂಬ ಕೃಷಿ ಚಿಂತಕ ಮೊದಲಿಗೆ ಎನ್‌ಕ್ಲೋಷರ್‌ನ ಪ್ರಬಲ ಸಮರ್ಥಕನಾಗಿದ್ದವನು, ಸರ್ಕಾರದ ಬೆಂಬಲದ ಕೃಷಿ ಮಂಡಳಿಯ ಕಾರ್ಯದರ್ಶಿಯೂ ಹೌದು. ಹಳ್ಳಿಗಳನ್ನು ಸುತ್ತಿ ನೋಡಿದ ಮೇಲೆ ಆತನ ಮನಸ್ಸು ಬದಲಾಯಿತು. ಇಂಥ ಇಪ್ಪತ್ತು ಕಾನೂನುಗಳಲ್ಲಿ ಹತ್ತೊಂಬತ್ತು ಬಡವನಿಗೆ ಹಾನಿ ಮಾಡಿವೆ ಎಂದು ಆತ 1801ರಲ್ಲಿ ಬರೆದನು. ಬಡವನಿಗೆ ತುಂಡು ನೆಲ ಕೊಡಿ, ಆಗ ಅವನು ನಿಮ್ಮ ಬಾಗಿಲಿಗೆ ಬರುವುದಿಲ್ಲ ಎಂಬುದು ಅವನ ಸಲಹೆಯ ಸಾರ. ಮಂಡಳಿಯಲ್ಲಿದ್ದ ಭೂಮಾಲಿಕರಿಗೆ ಅದು ರುಚಿಸಲಿಲ್ಲ.

ಅಲ್ಲಲ್ಲಿ ಕೆಲವು ಸಹೃದಯರು ಆ ದಾರಿಯಲ್ಲಿ ನಡೆದರು. ವಿಲ್ಟ್‌ಶೈರ್‌ನ ಗ್ರೇಟ್ ಸಮರ್‌ಫರ್ಡ್ ಎಂಬ ಹಳ್ಳಿಯ ಪಾದ್ರಿ ಸ್ಟೀಫನ್ ಡೆಮೈನ್‌ಬ್ರೇ, ತನ್ನೂರಿನ ಸಾಮುದಾಯಿಕ ನೆಲಕ್ಕೆ ಬೇಲಿ ಬೀಳಲಿರುವುದನ್ನು ಕಂಡು, ಆರು ಎಕರೆಯನ್ನಾದರೂ ಊರ ಬಡವರಿಗಾಗಿ ಶಾಶ್ವತವಾಗಿ ಉಳಿಸಬೇಕೆಂದು ರಾಜ ಮೂರನೇ ಜಾರ್ಜ್‌ನಿಗೆ ಬರೆದುಕೊಂಡನು. 1809ರಲ್ಲಿ ರೂಪುಗೊಂಡ ಆ ತೋಟಗಳು ಇಂದಿಗೂ ಉಳಿದಿವೆ. ಅವುಗಳನ್ನು ದೇಶದ ಅತ್ಯಂತ ಹಳೆಯ ಅಲಾಟ್‌ಮೆಂಟ್ ಎಂದು ಗುರುತಿಸಲಾಗುತ್ತದೆ.

ಆದರೆ ಹೆಚ್ಚಿನ ಭೂಮಾಲಿಕರನ್ನು ಎಚ್ಚರಿಸಿದ್ದು ಕರುಣೆಯಲ್ಲ, ಭಯ. 1830ರಲ್ಲಿ ದಕ್ಷಿಣ ಇಂಗ್ಲೆಂಡಿನ ಕೂಲಿಕಾರರು ತಮ್ಮ ಚಳಿಗಾಲದ ಕೂಲಿಯನ್ನು ಕಸಿದ ಒಕ್ಕಣೆ ಯಂತ್ರಗಳನ್ನು ಒಡೆದು, ಬಣವೆಗಳಿಗೆ ಬೆಂಕಿಯಿಟ್ಟರು. ‘ಸ್ವಿಂಗ್’ ದಂಗೆ ಎಂದು ಪ್ರಸಿದ್ಧವಾದ ಈ ಬಂಡಾಯದ ಬಳಿಕ ತುಂಡು ನೆಲ ಕೊಡುವ ಧಣಿಗಳ ಸಂಖ್ಯೆ ಏರಿತು. ಆದರೆ ಕೊಟ್ಟ ನೆಲದ ಜೊತೆಗೆ ಷರತ್ತುಗಳ ಪಟ್ಟಿಯೂ ಬಂತು. ಭಾನುವಾರ ಚರ್ಚಿಗೆ ಬರಲೇಬೇಕು, ಅಂದು ತೋಟದಲ್ಲಿ ದುಡಿಯಕೂಡದು, ಅಪರಾಧ ಸಾಬೀತಾದರೆ ನೆಲ ವಾಪಸು. ತುಂಡು ದೊಡ್ಡದಾದರೆ ಆಳು ತನ್ನ ತೋಟದಲ್ಲೇ ದಣಿದು ಧಣಿಯ ಹೊಲದಲ್ಲಿ ಮೈಗಳ್ಳನಾದಾನು ಎಂದು ಅದನ್ನು ಚಿಕ್ಕದಾಗಿಯೇ ಇರಿಸುವುದು ವಾಡಿಕೆಯಾಯಿತು. ನೆಲವೇನೋ ಸಿಕ್ಕಿತು, ಆದರೆ ಬೆನ್ನು ಬಾಗಿಯೇ ಇರಬೇಕಿತ್ತು.

ದಾನದ ಈ ಮನೋಭಾವವು ಕಾನೂನಿಗೆ ಇಳಿದಾಗ ಏನಾಯಿತೆಂಬುದಕ್ಕೆ ಒಂದೇ ಅಂಕಿ ಸಾಕು. ಎನ್‌ಕ್ಲೋಷರ್ ನಡೆಯುವಾಗ ಭೂಹೀನರಿಗೂ ತೋಟದ ಜಾಗ ಮೀಸಲಿಡಲು 1845ರ ಕಾಯ್ದೆ ಅವಕಾಶ ಕಲ್ಪಿಸಿತು. ಒಬ್ಬನಿಗೆ ಹೆಚ್ಚೆಂದರೆ ಕಾಲು ಎಕರೆ. ಆ ಕಾಯ್ದೆಯಡಿ ಮುಂದಿನ ಎರಡೂವರೆ ದಶಕಗಳಲ್ಲಿ ಬೇಲಿಯೊಳಗೆ ಹೋದ ಭೂಮಿ ಸುಮಾರು 6,15,000 ಎಕರೆ. ಅದರಲ್ಲಿ ಬಡವರ ತೋಟಗಳಿಗೆ ದೊರೆತದ್ದು ಸುಮಾರು 2,200 ಎಕರೆ! ನೂರು ರೂಪಾಯಿ ಕಸಿದುಕೊಂಡವನು ನಲವತ್ತು ಪೈಸೆಯನ್ನೂ ಹಿಂದಿರುಗಿಸಲಿಲ್ಲ.

ಹಾಗಾದರೆ ಬದಲಾವಣೆ ಎಲ್ಲಿಂದ ಬಂತು? ಬಡವನ ಕೈಗೆ ಮತಪತ್ರ ಬಂದ ದಿನದಿಂದ. 1872ರಲ್ಲಿ ಜೋಸೆಫ್ ಆರ್ಚ್ ಎಂಬ ಕೃಷಿ ಕಾರ್ಮಿಕನ ನೇತೃತ್ವದಲ್ಲಿ ಕೂಲಿಕಾರರ ರಾಷ್ಟ್ರೀಯ ಸಂಘ ಸ್ಥಾಪನೆಯಾಯಿತು. 1884ರ ಸುಧಾರಣಾ ಕಾಯ್ದೆಯು ಗ್ರಾಮೀಣ ಕಾರ್ಮಿಕರಲ್ಲಿ ಬಹುತೇಕ ಪುರುಷರಿಗೆ ಮತದಾನದ ಹಕ್ಕು ನೀಡಿತು. ಮರುವರ್ಷದ ಚುನಾವಣೆಯಲ್ಲಿ ‘ಮೂರು ಎಕರೆ ಮತ್ತು ಒಂದು ಹಸು’ ಎಂಬ ಘೋಷಣೆ ಹಳ್ಳಿಹಳ್ಳಿಗಳಲ್ಲಿ ಮೊಳಗಿತು. ಆ ಬೇಡಿಕೆಯ ವಕ್ತಾರ ಜೆಸ್ಸಿ ಕಾಲಿಂಗ್ಸ್ 1886ರ ಜನವರಿಯಲ್ಲಿ ಪಾರ್ಲಿಮೆಂಟಿನಲ್ಲಿ ಮಂಡಿಸಿದ ತಿದ್ದುಪಡಿ ಗೆದ್ದಾಗ ಸಾಲಿಸ್‌ಬರಿಯ ಸರ್ಕಾರವೇ ಉರುಳಿತು. ಮರುವರ್ಷ, 1887ರಲ್ಲಿ, ಅಲಾಟ್‌ಮೆಂಟ್ ಕಾಯ್ದೆ ಬಂತು. ಅದರಲ್ಲಿ ನುಣುಚಿಕೊಳ್ಳಲು ಸಂದುಗಳಿದ್ದವು. 1908ರ ಕಾಯ್ದೆ ಅವುಗಳನ್ನು ಬಹುಮಟ್ಟಿಗೆ ಮುಚ್ಚಿತು. ಊರಿನ ಆರು ಮಂದಿ ಮತದಾರರು ಅಥವಾ ತೆರಿಗೆದಾರರು ಒಟ್ಟಾಗಿ ಅರ್ಜಿ ಕೊಟ್ಟರೆ ಸ್ಥಳೀಯ ಸಂಸ್ಥೆಯು ಅದನ್ನು ಪರಿಗಣಿಸಲೇಬೇಕು. ಬೇಡಿಕೆಯಿದ್ದರೆ ನೆಲ ಒದಗಿಸುವುದು ಅದರ ಕರ್ತವ್ಯ. ಅಲ್ಲಿಯವರೆಗೆ ಧಣಿಯ ಮರ್ಜಿಯಾಗಿದ್ದದ್ದು ಅಂದಿನಿಂದ ಪ್ರಜೆಯ ಹಕ್ಕಾಯಿತು.

ಈ ಹಕ್ಕಿನ ಬೆಲೆ ದೇಶಕ್ಕೆ ತಿಳಿದದ್ದು ಯುದ್ಧಕಾಲದಲ್ಲಿ. ಮೊದಲನೇ ಮಹಾಯುದ್ಧದಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಆಹಾರ ತರುವ ಹಡಗುಗಳನ್ನು ಮುಳುಗಿಸತೊಡಗಿದಾಗ, ಖಾಲಿ ಬಿದ್ದ ನೆಲವನ್ನು ವಶಕ್ಕೆ ಪಡೆದು ತೋಟಕ್ಕೆ ಹಂಚಲು ಸರ್ಕಾರವೇ ಆದೇಶಿಸಿತು. 1918ರ ಹೊತ್ತಿಗೆ ಇಂಥ ತೋಟಗಳ ಸಂಖ್ಯೆ 15 ಲಕ್ಷದ ಆಸುಪಾಸಿಗೆ ಏರಿತು. ಯುದ್ಧ ಮುಗಿದೊಡನೆ ಅನೇಕ ಕಡೆ ನೆಲ ಮಾಲಿಕರಿಗೆ ಮರಳಿತು. 1926ರ ಗಣಿ ಮುಷ್ಕರ ಮತ್ತು ಅದರ ಬೆನ್ನಿಗೇ ಬಂದ ನಿರುದ್ಯೋಗದ ದಿನಗಳಲ್ಲಿ ಕ್ವೇಕರ್ ಪಂಥದವರು ವೇಲ್ಸ್‌ನ ಗಣಿ ಕಾರ್ಮಿಕರಿಗೆ ಬೀಜ, ಗೊಬ್ಬರ, ಸಲಿಕೆಗಳನ್ನು ಒದಗಿಸಿದರು. ಕೆಲಸ ಕಳೆದುಕೊಂಡವನಿಗೆ ಅಲ್ಲಿ ದೊರೆತದ್ದು ಆಲೂಗಡ್ಡೆ ಮಾತ್ರವಲ್ಲ, ಬೆಳಿಗ್ಗೆ ಎದ್ದು ಹೋಗಲೊಂದು ಜಾಗ.

ಎರಡನೇ ಮಹಾಯುದ್ಧದ ಕಾಲದ ‘ವಿಜಯಕ್ಕಾಗಿ ಅಗೆಯಿರಿ’ ಎಂಬ ಆಂದೋಲನ ಜಗತ್ಪ್ರಸಿದ್ಧ. ಲಂಡನ್ ಗೋಪುರದ ಕಂದಕದಲ್ಲಿ ತರಕಾರಿ ಬೆಳೆಯಿತು. ಹೈಡ್ ಪಾರ್ಕಿನ ಹುಲ್ಲುಹಾಸು ಪಾತಿಗಳಾಯಿತು. 1943ರ ವೇಳೆಗೆ ತೋಟಗಳ ಸಂಖ್ಯೆ ಸುಮಾರು 14 ಲಕ್ಷ. ಕೃಷಿ ಇಲಾಖೆ ಹಂಚಿದ ಕರಪತ್ರವು 90 ಅಡಿ ಉದ್ದ, 30 ಅಡಿ ಅಗಲದ ನೆಲದಲ್ಲಿ ಒಂದು ಕುಟುಂಬ ವರ್ಷವಿಡೀ ತರಕಾರಿ ತಿನ್ನುವ ಬಗೆಯನ್ನು ನಕ್ಷೆ ಬರೆದು ವಿವರಿಸಿತು. ನೆಲವನ್ನು ಮೂರು ಭಾಗ ಮಾಡಬೇಕು. ಒಂದರಲ್ಲಿ ಆಲೂಗಡ್ಡೆ ಹಾಗೂ ಗೆಡ್ಡೆಗಳು, ಇನ್ನೊಂದರಲ್ಲಿ ಕೋಸಿನ ಜಾತಿಯ ಚಳಿಗಾಲದ ಸೊಪ್ಪುಗಳು, ಮೂರನೆಯದರಲ್ಲಿ ಈರುಳ್ಳಿ, ಬಟಾಣಿ, ಬೀನ್ಸ್ ಮುಂತಾದವು. ಪ್ರತಿ ವರ್ಷ ಈ ಭಾಗಗಳು ಜಾಗ ಬದಲಿಸಬೇಕು. ಒಂದೇ ಬೆಳೆ ಒಂದೇ ಕಡೆ ನಿಂತರೆ ಅದರ ರೋಗವೂ ಮಣ್ಣಿನಲ್ಲಿ ನೆಲೆಯೂರುತ್ತದೆ. ಬಟಾಣಿ, ಬೀನ್ಸ್‌ಗಳ ಬೇರು ಹಿಡಿದಿಟ್ಟ ಸಾರಜನಕ ಮುಂದಿನ ಕೋಸಿಗೆ ಆಹಾರವಾಗುತ್ತದೆ.

ಆ ತೋಟಗಳ ವರ್ಷಚಕ್ರ ಇಂದಿಗೂ ಹೆಚ್ಚು ಬದಲಾಗಿಲ್ಲ. ಚಳಿಗಾಲದ ಕೊನೆಯಲ್ಲಿ ಬಿತ್ತನೆ ಆಲೂಗಡ್ಡೆಯನ್ನು ಮೊಟ್ಟೆಯ ಟ್ರೇಗಳಲ್ಲಿ ಬೆಳಕಿಗಿಟ್ಟು ಮೊಳಕೆ ಬರಿಸುತ್ತಾರೆ. ವಸಂತದಲ್ಲಿ ನೆಟ್ಟು, ಗಿಡ ಮೇಲೆದ್ದಂತೆ ಬುಡಕ್ಕೆ ಮಣ್ಣೇರಿಸುತ್ತಾರೆ. ಜೂನ್ ತಿಂಗಳ ಹೊತ್ತಿಗೆ ಮೊದಲ ಎಳೆ ಗೆಡ್ಡೆ ಕೈಗೆ ಬರುತ್ತದೆ. ಬೇಸಿಗೆಯಲ್ಲಿ ರಾಸ್‌ಬೆರಿ, ಗೂಸ್‌ಬೆರಿ ಹಣ್ಣುಗಳು. ಕೋಲಿಗೆ ಹಬ್ಬಿದ ಬೀನ್ಸ್ ಬಳ್ಳಿಯನ್ನು ಎರಡು ದಿನಕ್ಕೊಮ್ಮೆ ಕೊಯ್ಯದಿದ್ದರೆ ಕಾಯಿ ನಾರಾಗುತ್ತದೆ, ಬಳ್ಳಿಯೂ ಹೂ ಬಿಡುವುದನ್ನು ನಿಲ್ಲಿಸುತ್ತದೆ. ಪಾರ್ಸ್ನಿಪ್ ಗೆಡ್ಡೆಯನ್ನು ಮಾತ್ರ ಅವಸರದಲ್ಲಿ ಕೀಳುವುದಿಲ್ಲ. ಹಿಮ ಬಿದ್ದ ಮೇಲೆ ಅದರೊಳಗಿನ ಪಿಷ್ಟ ಸಕ್ಕರೆಯಾಗಿ ಸಿಹಿಯೇರುತ್ತದೆ. ಕೆಲವು ಫಲಗಳಿಗೆ ಬಿಸಿಲು ಬೇಕು, ಕೆಲವಕ್ಕೆ ಕಷ್ಟ ಬೇಕು!

ಯುದ್ಧಾನಂತರದ ಸಮೃದ್ಧಿಯಲ್ಲಿ ತೋಟಗಳು ಪಾಳುಬಿದ್ದು, ಅನೇಕ ಕಡೆ ಮನೆ, ರಸ್ತೆಗಳು ಎದ್ದವು. ಹಲವು ನಗರಗಳಲ್ಲಿ ಆ ಪಾಳು ತುಂಡುಗಳಿಗೆ ಮರುಜೀವ ನೀಡಿದವರಲ್ಲಿ ವಲಸಿಗರೂ ಇದ್ದರು. ಬರ್ಮಿಂಗ್‌ಹ್ಯಾಮ್‌ನಲ್ಲಿ ಜಮೈಕಾ ಮತ್ತು ಪಂಜಾಬಿನಿಂದ ಬಂದವರು ಆಲೂಗಡ್ಡೆಯ ಪಕ್ಕದಲ್ಲೇ ಮೆಂತ್ಯ, ಕೊತ್ತಂಬರಿ ಬೆಳೆದರು. ಪೂರ್ವ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ನಗರ ತೋಟದಲ್ಲಿ ಬಾಂಗ್ಲಾದೇಶ ಮೂಲದ ಮುಸ್ಲಿಮ್ ಮಹಿಳೆಯರು ಒಟ್ಟುಗೂಡಿ ಸೋರೆಬಳ್ಳಿಯನ್ನು ಹಬ್ಬಿಸಿದರು. ಡಿಗ್ಗರ್ಸ್‌ಗಳನ್ನು ಅಟ್ಟಿದ ನಾಡಿನಲ್ಲಿ ಸಿಲ್ಹೆಟಿನ ತಾಯಂದಿರು ನೆಮ್ಮದಿಯಿಂದ ಮಣ್ಣು ಕೆದಕುತ್ತಿದ್ದಾರೆ. ಅದಕ್ಕೆ ಯಾವ ಧಣಿಯ ಅಪ್ಪಣೆಯೂ ಬೇಕಾಗಿಲ್ಲ.

ಈ ಚರಿತ್ರೆಯಿಂದ ನಾವು ಕಲಿಯಬೇಕಾದದ್ದೇನು? ಸತ್ಯವಿಶ್ವಾಸಿಯು ನೆಟ್ಟ ಗಿಡದಿಂದ ಮನುಷ್ಯ, ಪಕ್ಷಿ, ಪ್ರಾಣಿ ಯಾವುದು ತಿಂದರೂ ಅದು ಅವನ ಪಾಲಿಗೆ ದಾನವಾಗುತ್ತದೆಂದು ಪ್ರವಾದಿ(ಸ)ರು ತಿಳಿಸಿದ್ದಾರೆ. ಈ ಹದೀಸನ್ನು ನಾವು ಗಿಡ ನೆಡುವ ದಿನಗಳಲ್ಲಿ ಪದೇ ಪದೇ ಸ್ಮರಿಸುತ್ತೇವೆ. ಆದರೆ ನೆಡಲು ನೆಲವೇ ಇಲ್ಲದವನ ಕುರಿತು ಎಷ್ಟು ಯೋಚಿಸುತ್ತೇವೆ? ಉಳ್ಳವರ ಸಂಪತ್ತಿನಲ್ಲಿ ಕೇಳುವವನಿಗೂ ವಂಚಿತನಿಗೂ ನಿಶ್ಚಿತವಾದ ಹಕ್ಕಿದೆ ಎಂಬುದು ಪವಿತ್ರ ಕುರ್‌ಆನ್‌ನ ಬೋಧನೆ. ಅಲ್ಲಿರುವುದು ‘ಹಕ್ಕು’ ಎಂಬ ಪದವೇ ಎಂಬುದನ್ನು ಗಮನಿಸಬೇಕು. ಝಕಾತ್ ವಿತರಿಸುವ ನಮ್ಮ ಜಮಾಅತ್‌ಗಳು, ವಕ್ಫ್ ಭೂಮಿಯ ಹೊಣೆ ಹೊತ್ತ ಸಮಿತಿಗಳು ಈ ಪದದ ಭಾರವನ್ನು ಅರಿಯಬೇಕು. ಪಡೆಯುವವನು ಸಾಲಿನಲ್ಲಿ ತಲೆತಗ್ಗಿಸಿ ನಿಲ್ಲುವಂತೆ, ಫೋಟೋದಲ್ಲಿ ಮುಖ ತೋರಿಸುವಂತೆ ಮಾಡುವ ದಾನಕ್ಕೂ, ಚರ್ಚಿನ ಹಾಜರಿ ಕೇಳುತ್ತಿದ್ದ ಧಣಿಯ ದಾನಕ್ಕೂ ಹೆಚ್ಚಿನ ಅಂತರವಿಲ್ಲ.

ಇಂಗ್ಲೆಂಡಿನ ಬಡವನಿಗೆ ಕೊನೆಗೂ ದೊರೆತದ್ದು ಎರಡೂವರೆ ಗುಂಟೆ ಮಾತ್ರ. ಕಳೆದುಕೊಂಡ ಲಕ್ಷಾಂತರ ಎಕರೆಗಳ ಮುಂದೆ ಅದು ಏನೂ ಅಲ್ಲ. ಆದರೂ ಆ ನೆಲದ ಮೇಲೆ ಅವನು ಯಾರಿಗೂ ಋಣಿಯಾಗದೆ ನಿಂತನು, ತನ್ನ ಕೈಯಾರೆ ಬಿತ್ತಿದ್ದನ್ನು ತನ್ನ ಮಕ್ಕಳಿಗೆ ಉಣಿಸಿದನು. ಹಿಡಿ ಅಕ್ಕಿಯೊಂದು ದಿನ ಮುಗಿಯುತ್ತದೆ. ಹಕ್ಕಾಗಿ ದೊರೆತ ಹಿಡಿ ಮಣ್ಣು ಪ್ರತಿ ವರ್ಷವೂ ಮೊಳಕೆಯೊಡೆಯುತ್ತದೆ.