ವಾರಗಳ ಗೆರೆ

ನಾಸಿಕವು ಧಾರವಾಡದಂತೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಇಂದು ಛತ್ರಪತಿ ಸಂಭಾಜಿನಗರವೆನಿಸಿದ ಔರಂಗಾಬಾದು ಕಲಬುರಗಿಯಂತೆ ನಿಜಾಮರದಾಗಿತ್ತು. 1956ರ ಗಡಿರೇಖೆ ನಮ್ಮನ್ನು ಆ ನೆರೆಯವರಿಂದ ಬೇರ್ಪಡಿಸಿತಾದರೂ ಗರ್ಭಪಾತದ ಕಾನೂನು ಎರಡೂ ಕಡೆಗೆ ಒಂದೇ ಆಗಿತ್ತು. 1860ರ ದಂಡಸಂಹಿತೆಯ 312ನೆಯ ಕಲಮಿನ ಪ್ರಕಾರ, ತಾಯಿಯ ಪ್ರಾಣ ಉಳಿಸಲಲ್ಲದೆ ಗರ್ಭ ಇಳಿಸುವುದು ಅಪರಾಧ. ಇಳಿಸಿಕೊಂಡ ಹೆಣ್ಣೂ ಅಪರಾಧಿಯೇ.

ಈ ಬಿಗಿಯನ್ನು ಸಡಿಲಿಸುವ ದಾರಿ ತೋರಿದ್ದು ಮಹಾರಾಷ್ಟ್ರದ ಮಂತ್ರಿ ಶಾಂತಿಲಾಲ್ ಶಾಹರ ಸಮಿತಿ. 1964ರಲ್ಲಿ ನೇಮಕಗೊಂಡ ಅದು 1966ರಲ್ಲಿ ವರದಿಯಿತ್ತಿತು. ಅನರ್ಹರ ಕೈಯಲ್ಲಿ, ಗುಟ್ಟಾಗಿ ನಡೆಯುವ ಗರ್ಭಪಾತಗಳಿಗೆ ಹೆಂಗಸರು ಬಲಿಯಾಗುತ್ತಿದ್ದುದೇ ಅದರ ಮುಂದಿದ್ದ ಪ್ರಶ್ನೆ. 1971ರ ಕಾಯಿದೆ ಗೊತ್ತಾದ ಕಾರಣಗಳಿದ್ದಲ್ಲಿ 12 ವಾರಗಳವರೆಗೆ ಒಬ್ಬ ವೈದ್ಯರ, 20 ವಾರಗಳವರೆಗೆ ಇಬ್ಬರ ಅಭಿಪ್ರಾಯದ ಮೇಲೆ ಅನುಮತಿಸಿತು. ಗರ್ಭನಿರೋಧ ವಿಫಲವಾಯಿತೆಂಬ ಕಾರಣವನ್ನು ಮಾತ್ರ ವಿವಾಹಿತೆಗಷ್ಟೇ ಒಪ್ಪಿತು.

2008ರಲ್ಲಿ, ಭ್ರೂಣದ ಹೃದಯದೋಷ ತಡವಾಗಿ ತಿಳಿದ ದಂಪತಿಗೆ ಬಾಂಬೆ ಹೈಕೋರ್ಟು ಅನುಮತಿ ನೀಡಲಿಲ್ಲ. 20 ವಾರ ಮೀರಿತ್ತು. 2021ರ ಮಾರ್ಚ್ 16ರಂದು ರಾಜ್ಯಸಭೆ ಅಂಗೀಕರಿಸಿದ ತಿದ್ದುಪಡಿ ಕೆಲವು ವರ್ಗದ ಸ್ತ್ರೀಯರಿಗೆ 24 ವಾರ ಕೊಟ್ಟಿತು. ಅದರಾಚೆ ಭ್ರೂಣದೋಷವನ್ನು ನಿರ್ಣಯಿಸುವುದು ವೈದ್ಯಕೀಯ ಮಂಡಳಿ. ಮಸೂದೆಯನ್ನು ಆಯ್ಕೆ ಸಮಿತಿಗೆ ಒಪ್ಪಿಸಬೇಕೆಂಬ ಬೇಡಿಕೆ ಬಿದ್ದುಹೋಯಿತು.

ಗೆರೆ ನಾಲ್ಕು ವಾರ ಸರಿದಿದೆ. ಆದರೆ ಕೊನೆಯ ಮಾತು ಇಂದಿಗೂ ವೈದ್ಯರದು, ಹೊರುವವಳದಲ್ಲ. ಸದನಗಳು ಇನ್ನೂ ಬಗೆಹರಿಸದೆ ಉಳಿಸಿರುವ ಚರ್ಚೆ ಇದೇ ಎಂದು ನಾವು ಭಾವಿಸುತ್ತೇವೆ.