ಮೂಟೆಯ ಮೇಲಿನ ಗುರುತು

ಆಲೂರಿನ ಗುಡ್ಡಕ್ಕೂ ಹಡಗುಕಟ್ಟೆಗೂ ಏನು ನಂಟು ಎಂದು ಯಾರಾದರೂ ಕೇಳಿಯಾರು. ನಮ್ಮ ಕಾಫಿಯು ಸಕಲೇಶಪುರವನ್ನು ದಾಟಿ, ಶಿರಾಡಿ ಘಟ್ಟವಿಳಿದು, ಕಡಲ ದಾರಿ ಹಿಡಿಯುತ್ತದೆ. ಆಗ ಮಾಲಿನ ಜತೆಗೆ ಇನ್ನೊಂದೂ ಪಯಣಿಸಬೇಕು, ಅದೇ ಲೆಕ್ಕ. ಯಾರ ಮಾಲು, ಎಷ್ಟು, ಯಾವ ಹಡಗಿನಲ್ಲಿದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದ ಸರಕು ನೀರಿಗೆ ಬಿದ್ದಂತೆಯೇ ಸರಿ.

ಈ ಪ್ರಶ್ನೆಗಳು ಹೊಸವಲ್ಲ. 12ನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನು ಮಂಗಳೂರಿನಲ್ಲಿ ಬಹುಕಾಲ ನೆಲಸಿ, ಏಡನ್ನಿನ ವರ್ತಕರಿಗೆ ಮೆಣಸು, ಏಲಕ್ಕಿ, ಕಬ್ಬಿಣಗಳನ್ನು ಕಳುಹಿಸುತ್ತಿದ್ದನು. ಅವನ ಪರವಾಗಿ ಏಡನ್ನಿಗೆ ಹೋಗಿಬಂದ ಆಳಿನ ಹೆಸರು ಬೊಮ್ಮ ಎಂದು ವಿದ್ವಾಂಸರು ಓದಿದ್ದಾರೆ. ಬೆನ್ ಯಿಜುವಿಗೆ ಸೇರಿದ ಪತ್ರಗಳು ಕೈರೋ ನಗರದ ಹಳೆಯ ಪ್ರಾರ್ಥನಾಮಂದಿರವೊಂದರಲ್ಲಿ ಉಳಿದು ಬಂದವು. ಒಂದು ಪತ್ರದಲ್ಲಿ ಹಡಗು ಮುಳುಗಿದ ಸಂಗತಿಯಿದೆ: ಮೆಣಸೆಲ್ಲ ಹೋಯಿತು, ಏಡನ್ನಿನ ಮುಳುಗುಗಾರರು ಕಬ್ಬಿಣದಲ್ಲಿ ಅರ್ಧದಷ್ಟನ್ನು ಮೇಲೆತ್ತಿದರು. ಉಳಿದದ್ದರಲ್ಲಿ ಯಾರ ಪಾಲೆಷ್ಟು? ಬರೆದಿಟ್ಟ ಲೆಕ್ಕವಿಲ್ಲದಿದ್ದರೆ ಜಗಳವೇ ಗತಿ. ಆದುದರಿಂದಲೇ ಆ ವರ್ತಕರು ಮುಖ್ಯ ಪತ್ರಗಳಿಗೆ ಪ್ರತಿ ಮಾಡಿಸಿ ಬೇರೆ ಬೇರೆ ಹಡಗುಗಳಲ್ಲಿ ಕಳುಹಿಸುತ್ತಿದ್ದರು. ಬೆನ್ ಯಿಜುವಿಗೆ ಬರೆಯುವ ಕಾಗದವೂ ಏಡನ್ನಿನಿಂದಲೇ ಬರುತ್ತಿತ್ತು. ಅಗತ್ಯವೇ ಉಪಕರಣವನ್ನು ರೂಪಿಸಿತು.

ಕಾಫಿಯ ಕಾಲಕ್ಕೆ ಬರೋಣ. 1963ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ವ್ಯವಸ್ಥೆಯಲ್ಲಿ ರಫ್ತಿನ ಚೀಲಕ್ಕೆ ಮೂರು ಸಂಖ್ಯೆಗಳು ಬಂದವು: ದೇಶದ್ದೊಂದು, ರಫ್ತುದಾರನದೊಂದು, ಕಂತಿನದೊಂದು. ಭಾರತದ ಸಂಖ್ಯೆ 14. ಪಣಂಬೂರಿನ ಹೊಸ ಬಂದರು 1974ರಲ್ಲಿ ದೇಶದ ಪ್ರಧಾನ ಬಂದರುಗಳ ಸಾಲಿಗೆ ಸೇರಿತು. ಒಂದೇ ವಿವರವನ್ನು ಕಸ್ಟಮ್ಸಿನವರಿಗೊಮ್ಮೆ, ಬಂದರಿನವರಿಗೊಮ್ಮೆ, ಹಡಗಿನ ಏಜೆಂಟರಿಗೊಮ್ಮೆ ಬರೆದು ಕೊಡುವ ಬವಣೆಯನ್ನು ತಗ್ಗಿಸಲೆಂದು, 2018ರ ಡಿಸೆಂಬರಿನಲ್ಲಿ ಭಾರತೀಯ ಬಂದರುಗಳ ಸಂಘವು ಇವರೆಲ್ಲರನ್ನೂ ಗಣಕಯಂತ್ರದ ಒಂದೇ ಜಾಲಕ್ಕೆ ತರುವ ಹೊಸ ವ್ಯವಸ್ಥೆಯನ್ನು ಆರಂಭಿಸಿತು. ಬೆನ್ ಯಿಜುವಿನ ಹಳೆಯ ಪ್ರಶ್ನೆಗಳಿಗೇ ಹೊಸ ಪಾತ್ರೆ.

ಆದರೆ ಈ ಲೆಕ್ಕಗಳೆಲ್ಲ ವರ್ತಕನ ಅಗತ್ಯಕ್ಕೆ ಹೊಲಿದ ಅಂಗಿಗಳು. ಚೀಲದ ಸಂಖ್ಯೆಯು ರಫ್ತುದಾರನವರೆಗೆ ಹೋಗಿ ನಿಲ್ಲುತ್ತದೆ. ಹತ್ತಾರು ತೋಟಗಳ ಬೀಜವು ಕ್ಯೂರಿಂಗ್ ಕಾರ್ಖಾನೆಯಲ್ಲಿ ಒಂದೇ ರಾಶಿಯಾದ ಮೇಲೆ ಬೆಳೆಗಾರನ ಹೆಸರು ಆ ರಾಶಿಯಲ್ಲೇ ಕರಗಿಹೋಗುತ್ತದೆ.

2023ರಲ್ಲಿ ಐರೋಪ್ಯ ಒಕ್ಕೂಟವು ಒಂದು ಕಾನೂನು ಮಾಡಿತು. ಕಾಡು ಕಡಿದ ನೆಲದ ಕಾಫಿ ತನಗೆ ಬೇಡವೆಂದು, ಬೆಳೆದ ಜಾಗದ ಅಕ್ಷಾಂಶ ರೇಖಾಂಶಗಳನ್ನೇ ಅದು ಕೇಳುತ್ತದೆ. ಹಡಗಿನ ಲೆಕ್ಕವು ಘಟ್ಟ ಹತ್ತಿ ತೋಟದ ಬೇಲಿಯವರೆಗೆ ಬಂದಿತು! ನೆರಳುಮರಗಳ ಕೆಳಗೆ ಕಾಫಿ ಬೆಳೆಯುವ ನಮ್ಮವರಿಗೆ ಇದು ಮಾನ ತರಬಹುದು, ಹೊರೆಯೂ ಆಗಬಹುದು. ಎರಡೆಕರೆಯ ಬೆಳೆಗಾರನು ತನ್ನ ನೆಲದ ಗುರುತನ್ನು ಕನ್ನಡದಲ್ಲಿ, ತಂತಿಯಿಲ್ಲದ ಫೋನಿಗೆ ಅಲೆ ಸಿಗದ ಮೂಲೆಯಲ್ಲಿಯೂ, ದಾಖಲಿಸಲು ಸಾಧ್ಯವಾಗಬೇಕು. ಅದು ಸಾಧ್ಯವಾಗದಿದ್ದರೆ ಅವನ ಒಳ್ಳೆಯ ಬೀಜವೂ ಗುರುತಿಲ್ಲದ ಮಾಲಾಗಿ ಅಗ್ಗಕ್ಕೆ ಹೋದೀತು.

ಉಪಕರಣ ಮಾಡುವವನು ಬಂದರಿನವರನ್ನು ಕೇಳಲಿ, ವರ್ತಕನನ್ನು ಕೇಳಲಿ. ಹಾಗೆಯೇ ಘಟ್ಟ ಹತ್ತಿ ಬಂದು, ಕಣದಲ್ಲಿ ಕಾಫಿ ಹರವುತ್ತಿರುವವನನ್ನೂ ಒಂದು ಮಾತು ಕೇಳಲಿ.