ಜೋಳವೆಂಬ ಮಾತು

ನಿಘಂಟನ್ನು ತೆರೆದು ನೋಡಿದರೆ ಜೋಳವೆಂಬುದು ಒಂದು ಧಾನ್ಯ. ಅಷ್ಟಕ್ಕೆ ಅದರ ಅರ್ಥ ಮುಗಿಯಿತೆಂದು ತೋರುತ್ತದೆ. ಆದರೆ ಹಳಗನ್ನಡ ಕಾವ್ಯಗಳನ್ನೂ ಊರ ಹೊರಗಿನ ವೀರಗಲ್ಲುಗಳನ್ನೂ ಓದುವವರಿಗೆ ಈ ಎರಡಕ್ಷರದ ಮಾತು ಬೇರೊಂದು ರೂಪದಲ್ಲಿ ಎದುರಾಗುತ್ತದೆ. ಅಲ್ಲಿ ಜೋಳವೆಂದರೆ ಸಂಬಳ, ಜೋಳವೆಂದರೆ ಋಣ, ಕಡೆಗೆ, ಆ ಋಣಕ್ಕಾಗಿ ಪ್ರಾಣವನ್ನು ತೆರುವುದೇ ಧರ್ಮ. ಒಂದು ಕಾಳಿನ ಹೆಸರು ಇಷ್ಟು ದೂರ ಹೇಗೆ ನಡೆಯಿತೆಂಬುದನ್ನು ನಾವು ಈ ಹೊತ್ತು ವಿಚಾರಿಸೋಣ.

ಮೊದಲು ಹೆಸರಿನ ಮಾತು. ಜೋಳವು ನಮ್ಮ ನೆಲದಲ್ಲಿ ಹುಟ್ಟಿದ ಬೆಳೆಯಲ್ಲ. ಅದರ ತವರು ಆಫ್ರಿಕಾ ಖಂಡದ ಈಶಾನ್ಯ ಭಾಗ. ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದಲ್ಲಿ ಅದು ಭರತಖಂಡವನ್ನು ಸೇರಿತೆಂದು ವಿದ್ವಾಂಸರು ಎಣಿಸುತ್ತಾರೆ. ಸಂಸ್ಕೃತದಲ್ಲಿ ಇದಕ್ಕೆ ಯವನಾಲವೆಂದು ಹೆಸರು. ಯವವೆಂದರೆ ಜವೆಗೋಧಿ, ನಾಲವೆಂದರೆ ದಂಟು. ನಮ್ಮ ಜೋಳವು ಈ ಯವನಾಲದ ತದ್ಭವವೆಂದು ಒಂದು ಅಭಿಪ್ರಾಯ. ಹಾಗಾದರೆ, ಹೊಸದಾಗಿ ಬಂದ ಕಾಳು ಹಳೆಯ ಕಾಳಿನ ಹೆಸರನ್ನು ಸಾಲವಾಗಿ ಪಡೆಯಿತೆಂದಾಯಿತು. ಮುಂದೆ 1492ರಲ್ಲಿ ಕೊಲಂಬಸನು ಅಮೆರಿಕವನ್ನು ತಲುಪಿದ ಮೇಲೆ ಅಲ್ಲಿಯ ಬೆಳೆಯೊಂದು ಕಡಲು ದಾಟಿ ನಮ್ಮ ಹೊಲಗಳಿಗೆ ಬಂದಿತು. ಆಗ ಸಾಲ ಕೊಡುವ ಸರದಿ ಜೋಳದ್ದಾಯಿತು. ತೆನೆಗೆ ಮುಸುಕಿರುವುದನ್ನು ಕಂಡವರು ಮುಸುಕಿನ ಜೋಳವೆಂದರು. ಇತರರು ಗೋವಿನಜೋಳ, ಮೆಕ್ಕೆಜೋಳ ಎಂದರು. ಇಂಗ್ಲಿಷರಲ್ಲಿಯೂ ಇದೇ ರೀತಿಯುಂಟು. ಅವರ ‘ಕಾರ್ನ್’ ಎಂಬ ಮಾತಿಗೆ ಇಂಗ್ಲೆಂಡಿನಲ್ಲಿ ಗೋಧಿ, ಸ್ಕಾಟ್ಲೆಂಡಿನಲ್ಲಿ ಓಟ್ಸ್, ಅಮೆರಿಕದಲ್ಲಿ ಮುಸುಕಿನ ಜೋಳ ಅರ್ಥವಾಗುತ್ತದೆ. ಯಾವ ಕಾಳು ಜನರ ಹೊಟ್ಟೆಯನ್ನು ತುಂಬುವುದೋ ಆ ಕಾಳಿಗೆ ಆ ಹೆಸರು ಸಲ್ಲುತ್ತದೆ.

ಹೊಟ್ಟೆ ತುಂಬುವ ಕಾಳು ಸಂಬಳವೂ ಆಗುವುದು ಸಹಜವೇ. ನಾಣ್ಯ ವಿರಳವಾಗಿದ್ದ ಕಾಲದಲ್ಲಿ ದುಡಿದವನಿಗೆ ಪಡಿಯನ್ನು ಅಳೆದು ಕೊಡುತ್ತಿದ್ದರು. ಹೀಗೆ ಒಡೆಯನ ಜೋಳವನ್ನುಂಡ ಆಳು ಆ ಒಡೆಯನಿಗೆ ಕಟ್ಟುಬಿದ್ದವನು. ಈ ಕಟ್ಟಿಗೆ ನಮ್ಮ ಪೂರ್ವಿಕರು ಜೋಳದ ಪಾಳಿ ಅಥವಾ ಜೋಳವಾಳಿ ಎಂಬ ಹೆಸರನ್ನಿಟ್ಟರು. ಪಾಳಿಯೆಂದರೆ ಕ್ರಮ, ಕಟ್ಟಳೆ. ಯುದ್ಧದಲ್ಲಿ ಬಿದ್ದವನನ್ನು ಕುರಿತು ಅವನು ಜೋಳದ ಋಣವನ್ನು ತೀರಿಸಿದನೆಂದು ಹೊಗಳುವುದು ವಾಡಿಕೆಯಾಯಿತು.

ಅಕ್ಕಿಯನ್ನೂ ರಾಗಿಯನ್ನೂ ಬಿಟ್ಟು ಜೋಳಕ್ಕೇ ಈ ಗೌರವ ಬಂದುದೇಕೆ? ಭೂಪಟವನ್ನು ನೋಡಿದರೆ ಉತ್ತರ ಹೊಳೆಯುತ್ತದೆ. ಚಾಲುಕ್ಯರ ಬಾದಾಮಿ, ರಾಷ್ಟ್ರಕೂಟರ ಮಾನ್ಯಖೇಟ, ಮತ್ತೆ ಚಾಲುಕ್ಯರ ಕಲ್ಯಾಣ, ಇವೆಲ್ಲವೂ ಜೋಳದ ಸೀಮೆಯ ಪಟ್ಟಣಗಳು. ಗದಾಯುದ್ಧವನ್ನು ಬರೆದ ರನ್ನನ ಮುಧೋಳವೂ ಅದೇ ಸೀಮೆಯದು. ಎರೆಯ ನೆಲದಲ್ಲಿ ಹಿಂಗಾರಿನ ತೇವದಿಂದ ಬೆಳೆಯುವ ಬಿಳಿಜೋಳ ಅಲ್ಲಿಯ ದಂಡುಗಳನ್ನು ಸಾಕಿರಬೇಕು. ಆದುದರಿಂದ ಈ ನುಡಿಗಟ್ಟಿನಲ್ಲಿ ಕನ್ನಡ ಸಾಮ್ರಾಜ್ಯಗಳ ಮಣ್ಣಿನ ಗುರುತು ಉಳಿದಿದೆ ಎನ್ನಬಹುದು.

ಈ ಧರ್ಮದ ಬಿಗಿ ಎಷ್ಟೆಂಬುದನ್ನು ಪಂಪನ ಕರ್ಣನಲ್ಲಿ ಕಾಣಬಹುದು. 941ರ ವಿಕ್ರಮಾರ್ಜುನವಿಜಯದಲ್ಲಿ ಕೃಷ್ಣನು ಕರ್ಣನಿಗೆ ಅವನ ಜನ್ಮರಹಸ್ಯವನ್ನು ತಿಳಿಸುತ್ತಾನೆ. ಒಡಹುಟ್ಟಿದವರು ಒಂದು ಕಡೆ, ಹಿರಿಯ ಮಗನಾದವನಿಗೆ ಸಲ್ಲುವ ರಾಜ್ಯ ಅವರೊಡನೆ. ತನ್ನನ್ನು ಪೊರೆದ ದುರ್ಯೋಧನ ಇನ್ನೊಂದು ಕಡೆ. ರಕ್ತದ ಸಂಬಂಧಕ್ಕಿಂತ ಅನ್ನದ ಸಂಬಂಧವೇ ಅವನಿಗೆ ಹಿರಿದಾಯಿತು. ಸ್ವತಃ ಅರಿಕೇಸರಿಯ ಆಶ್ರಯದಲ್ಲಿದ್ದ ಪಂಪನಿಗೆ ಈ ಕಟ್ಟು ಬರಿಯ ಪುರಾಣದ ಸಂಗತಿಯಾಗಿರಲಾರದು.

ಜೋಳವಾಳಿಯ ಸೋದರಿಯೆನ್ನಬಹುದಾದುದು ವೇಳೆವಾಳಿ. ಒಡೆಯನು ಮಡಿದರೆ ತಾನೂ ಮಡಿಯುವೆನೆಂಬ ಭಾಷೆ ಅದು. 1220ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನು ತೀರಿಕೊಂಡಾಗ ದಂಡನಾಯಕ ಕುವರ ಲಕ್ಷ್ಮನೂ ಅವನ ಪತ್ನಿ ಸುಗ್ಗಲದೇವಿಯೂ ಸಾವಿರ ಮಂದಿ ಆಳುಗಳೂ ಪ್ರಾಣವನ್ನೊಪ್ಪಿಸಿದರೆಂದು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬದ ಶಾಸನ ಸಾರುತ್ತದೆ. ಕತ್ತಿಯಿಂದ ತಮ್ಮ ತಲೆಯನ್ನೇ ಕಡಿದುಕೊಳ್ಳುತ್ತಿರುವವರ ಮೂರ್ತಿಗಳು ಆ ಕಂಬದ ಮೇಲಿವೆ. ಅದರ ಮುಂದೆ ನಿಂತಾಗ ಮೆಚ್ಚುಗೆಯೂ ಸಂಕಟವೂ ಒಟ್ಟಿಗೆ ಮೂಡದಿರವು.

ಋಣವು ಒಂದೇ ಮುಖದ್ದಾಗಿರಲಿಲ್ಲವೆಂಬುದೂ ನಿಜ. 949ರ ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಕಾದಿದ ಮಣಲೆರನಿಗೆ ಗಂಗರ ಬೂತುಗನು ಆತಕೂರು ಹನ್ನೆರಡನ್ನು ಬಾಳ್ಗಚ್ಚಾಗಿ ಕೊಟ್ಟನು. ಬಾಳನ್ನು, ಎಂದರೆ ಕತ್ತಿಯನ್ನು, ತೊಳೆದು ಕೊಡುವ ದತ್ತಿಯೇ ಬಾಳ್ಗಚ್ಚು. ಆಳಿನ ಕಡೆಯಿಂದ ಜೋಳವಾಳಿ, ಒಡೆಯನ ಕಡೆಯಿಂದ ಬಾಳ್ಗಚ್ಚು. ಎರಡೂ ಕೂಡಿದಾಗಲೇ ಲೆಕ್ಕ ಸರಿಹೋಗುತ್ತಿತ್ತು.

ಇಂದು ಜೋಳವಾಳಿ ಬಳಕೆಯಿಂದ ಬಿದ್ದುಹೋಗಿದೆ. ಅನ್ನದ ಋಣ, ಉಪ್ಪಿನ ಋಣ ಎಂಬ ಮಾತುಗಳು ಅದರ ಕೆಲಸವನ್ನು ವಹಿಸಿಕೊಂಡಿವೆ. ಉಂಡ ಮನೆಗೆ ಎರಡು ಬಗೆಯಬಾರದೆಂಬ ನೀತಿಯನ್ನು ನಾವಿನ್ನೂ ಮಕ್ಕಳಿಗೆ ಹೇಳುತ್ತೇವೆ. ಆದರೆ ಹಳೆಯ ಲೆಕ್ಕದಲ್ಲಿ ಒಂದು ಬಾಕಿ ನಿಂತಿದೆ. ಆಳು ಉಂಡ ಜೋಳ ಅರಸನ ಕಣಜದಿಂದ ಬಂದುದು. ಕಣಜಕ್ಕೆ ಅದು ತೆರಿಗೆಯಾಗಿ ಬಂದುದು ಒಕ್ಕಲಿಗನ ಕಣದಿಂದ. ಅಳೆದು ಕೊಟ್ಟವನಿಗೆ ಋಣ ಸಂದಿತು. ಬಿತ್ತಿ ಬೆಳೆದವನಿಗೆ ಸಲ್ಲಬೇಕಾದ ಋಣಕ್ಕೆ ನಮ್ಮ ಹಿರಿಯರು ಹೆಸರನ್ನೇ ಇಡಲಿಲ್ಲ. ಈ ಕಾಲದಲ್ಲಿ ಜೋಳವಾಳಿಯೆಂಬ ಮಾತನ್ನು ಯಾರಾದರೂ ಮತ್ತೆ ಬಳಕೆಗೆ ತರುವುದಾದರೆ, ಅದನ್ನು ಆ ಬೆಳೆದವನ ಕಡೆಗೆ ತಿರುಗಿಸುವುದೇ ನ್ಯಾಯವೆಂದು ನಮಗೆ ತೋರುತ್ತದೆ.